ಎದೆಮೂಳೆಯೂ ಬೆನ್ನುಮೂಳೆಯೂ ಒಟ್ಟಿಗೆ ಮುರಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪಘಾತದಲ್ಲಿ ಎದೆಮೂಳೆ ಮುರಿದಿದೆ ಎಂದು ಗೊತ್ತಾದ ಕೂಡಲೇ ಎಲ್ಲರ ಗಮನ ಹೃದಯದ ಕಡೆ ಹೋಗುತ್ತದೆ. ಬೆನ್ನಿನ ಕಡೆ ಹೋಗುವುದು ಕಡಿಮೆ. ಬೆನ್ನು ಮುರಿದವರ ವಿಷಯದಲ್ಲೂ ಹೀಗೆಯೇ: ಕಶೇರುವಿನ, ಅಂದರೆ ಬೆನ್ನುಮೂಳೆಯ ಮಣಿಯ, ಚಿತ್ರವನ್ನು ಹತ್ತು ಸಲ ನೋಡಿದವರು ಅದೇ ಸ್ಕ್ಯಾನಿನಲ್ಲಿರುವ ಎದೆಮೂಳೆಯನ್ನು ಒಮ್ಮೆಯೂ ನೋಡಿರುವುದಿಲ್ಲ. ರೋಗಿಗಳು, ಮನೆಯವರು, ವಾರ್ಡಿನ ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು ಮತ್ತು ತುರ್ತು ವಿಭಾಗದ ಕಿರಿಯ ವೈದ್ಯರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನಿರ್ದಿಷ್ಟ ರೋಗಿಯ ವಿಷಯದಲ್ಲಿ ಕೊನೆಯ ಮಾತು ಅವರನ್ನು ಪರೀಕ್ಷಿಸಿದ ವೈದ್ಯರದ್ದೇ.

ಒಂದು ಮುಂದಿದೆ, ಇನ್ನೊಂದು ಹಿಂದಿದೆ. ಎರಡಕ್ಕೂ ಏನು ಸಂಬಂಧ?

ಎದೆಮೂಳೆ ಅಥವಾ ಸ್ಟರ್ನಂ ಎಂದರೆ ಕುತ್ತಿಗೆಯ ಬುಡದ ಗುಳಿಯಿಂದ ಹೊಟ್ಟೆಯ ಮೇಲ್ತುದಿಯವರೆಗೆ ಇಳಿಯುವ ಚಪ್ಪಟೆ ಮೂಳೆ. ಮೇಲೆ ಅಗಲವಾದ ಮನುಬ್ರಿಯಂ, ನಡುವೆ ಉದ್ದನೆಯ ದೇಹಭಾಗ, ಕೆಳಗೆ ಕ್ಸಿಫಾಯ್ಡ್ ಎಂಬ ಚಿಕ್ಕ ತುದಿ. ಮನುಬ್ರಿಯಂ ಮತ್ತು ದೇಹಭಾಗ ಸೇರುವ ಕಡೆ ಬೆರಳಾಡಿಸಿದರೆ ಅಡ್ಡನೆಯ ಏಣೊಂದು ಸಿಗುತ್ತದೆ. ಎರಡನೆಯ ಪಕ್ಕೆಲುಬು ಬಂದು ಸೇರುವುದು ಅಲ್ಲೇ. ಅಲ್ಲಿಂದ ನೇರ ಹಿಂದಕ್ಕೆ ಹೋದರೆ ಬೆನ್ನಿನ ಟಿ4 ಮತ್ತು ಟಿ5 ಕಶೇರುಗಳ ನಡುವಿನ ಡಿಸ್ಕ್ ಇರುತ್ತದೆ.

ಎದೆಭಾಗದ ಕಶೇರುಗಳು 12, ಮೇಲಿನಿಂದ ಕೆಳಕ್ಕೆ ಟಿ1ರಿಂದ ಟಿ12. ಪ್ರತಿಯೊಂದಕ್ಕೂ ಒಂದು ಜೊತೆ ಪಕ್ಕೆಲುಬು. ಮೊದಲ 7 ಜೊತೆ ನೇರವಾಗಿ ಎದೆಮೂಳೆಗೆ ಸೇರುತ್ತವೆ, 8ರಿಂದ 10ರವರೆಗಿನವು ಮೇಲಿನ ಪಕ್ಕೆಲುಬಿನ ಮೃದ್ವಸ್ಥಿಯ ಮೂಲಕ ಸೇರುತ್ತವೆ, 11 ಮತ್ತು 12 ಮುಂದೆ ಎಲ್ಲಿಗೂ ಸೇರುವುದಿಲ್ಲ. ಹೀಗೆ ಬೆನ್ನು, ಪಕ್ಕೆಲುಬು, ಎದೆಮೂಳೆ ಸೇರಿ ಮುಚ್ಚಿದ ಸುತ್ತುಗಳಾಗಿವೆ. ಬಳೆ ಒಡೆದರೆ ಒಂದೇ ಕಡೆ ಬಿಡುವುದು ಅಪರೂಪ. ಇಲ್ಲೂ ಬಲವಾದ ಪೆಟ್ಟಿಗೆ ಮುಂದೆ ಮುರಿದಿದ್ದರೆ ಹಿಂದೆಯೂ ಮುರಿದಿರಬಹುದು ಎಂದೇ ಹುಡುಕಬೇಕು.

‘ನಾಲ್ಕನೆಯ ಕಂಬ’ ಎಂದು ವೈದ್ಯರು ಹೇಳಿದರು. ಏನದು?

1983ರಲ್ಲಿ ಡೆನಿಸ್ ಎಂಬ ಶಸ್ತ್ರವೈದ್ಯರು ಬೆನ್ನುಮೂಳೆಯನ್ನು ಮುಂದಿನ, ನಡುವಿನ, ಹಿಂದಿನ ಎಂಬ ಮೂರು ಕಂಬಗಳಾಗಿ ನೋಡುವ ಕ್ರಮ ಕೊಟ್ಟರು. ಎಷ್ಟು ಕಂಬ ಬಿದ್ದಿವೆ ಎಂಬುದರ ಮೇಲೆ ಮುರಿತ ಭದ್ರವೋ ಅಲ್ಲವೋ ಎಂದು ಅಳೆಯುವುದು ಅದರ ಉದ್ದೇಶ. 1993ರಲ್ಲಿ ಬರ್ಗ್ ಎಂಬವರು ಎದೆಭಾಗದ ಬೆನ್ನಿಗೆ ಎದೆಮೂಳೆ ಮತ್ತು ಪಕ್ಕೆಲುಬುಗಳೇ ನಾಲ್ಕನೆಯ ಕಂಬ ಎಂದು ಸೂಚಿಸಿದರು. ಆಮೇಲೆ ಶವಗಳ ಬೆನ್ನುಮೂಳೆಯ ಮೇಲೆ ನಡೆದ ಪ್ರಯೋಗಗಳಲ್ಲಿ, ಮುಂದಕ್ಕೆ ಬಾಗುವ ಮತ್ತು ಹಿಂದಕ್ಕೆ ಚಾಚುವ ಚಲನೆಗೆ ಎದೆಗೂಡು ಸುಮಾರು ಶೇ 40ರಷ್ಟು ಬಿಗಿ ಕೊಡುತ್ತದೆ, ಎದೆಮೂಳೆ ಮುರಿದರೆ ಆ ಬಿಗಿಯೇ ಹೋಗಿಬಿಡುತ್ತದೆ ಎಂದು ಕಂಡುಬಂತು. ಪ್ರಯೋಗಾಲಯದಲ್ಲಿ ಸ್ನಾಯುಗಳ ಹಿಡಿತ ಇರುವುದಿಲ್ಲ, ಹಾಗಾಗಿ ಆ ಅಂಕಿಯನ್ನು ಬದುಕಿರುವ ರೋಗಿಗೆ ಅಕ್ಷರಶಃ ಅನ್ವಯಿಸಬಾರದು. ಆದರೆ ದಿಕ್ಕು ಸ್ಪಷ್ಟ: ಮುಂದಿನ ಆಸರೆ ಹೋದ ಮೇಲೆ ಬೆನ್ನು ಮುಂದಕ್ಕೆ ಬಾಗುತ್ತಾ ಹೋಗುವುದನ್ನು ತಡೆಯುವುದು ಕಷ್ಟ.

ಎರಡೂ ಒಂದೇ ಏಟಿಗೆ ಮುರಿಯುವುದು ಹೇಗೆ?

ದಾರಿ ಎರಡು. ನೇರ ಪೆಟ್ಟಿನಲ್ಲಿ ಸ್ಟೀರಿಂಗ್ ಚಕ್ರ, ಸೀಟ್ ಬೆಲ್ಟ್ ಅಥವಾ ಬೇರಾವುದೋ ಗಟ್ಟಿ ವಸ್ತು ಎದೆಗೆ ಬಡಿದು ಮೂಳೆ ಒಳಕ್ಕೆ ತಗ್ಗುತ್ತದೆ. ಇಂಥ ಮುರಿತ ಸಾಮಾನ್ಯವಾಗಿ ದೇಹಭಾಗದಲ್ಲಿ ಆಗುತ್ತದೆ, ಕೆಳಗಿನ ತುಂಡು ಹಿಂದಕ್ಕೆ ಸರಿದಿರುತ್ತದೆ.

ಎರಡನೆಯದು ಪರೋಕ್ಷ. ಎತ್ತರದಿಂದ ತಲೆ ಅಥವಾ ಹೆಗಲ ಮೇಲೆ ಬಿದ್ದಾಗ, ದ್ವಿಚಕ್ರ ವಾಹನದಿಂದ ಎಸೆಯಲ್ಪಟ್ಟು ಬೆನ್ನಿನ ಮೇಲ್ಭಾಗ ನೆಲಕ್ಕೆ ಅಪ್ಪಳಿಸಿದಾಗ, ಬಗ್ಗಿ ಕೆಲಸ ಮಾಡುವವರ ಹೆಗಲ ಮೇಲೆ ಭಾರ ಕುಸಿದಾಗ ಬೆನ್ನು ಒಮ್ಮೆಲೇ ಮಡಚಿಕೊಳ್ಳುತ್ತದೆ. ಹಿಂದೆ ಕಶೇರುವಿನ ಮುಂಭಾಗ ಜಜ್ಜಿಹೋಗುತ್ತದೆ. ಎದೆಗೆ ಯಾವ ವಸ್ತುವೂ ತಾಗದೆ ಎದೆಮೂಳೆ ಎರಡೂ ತುದಿಗಳಿಂದ ಒತ್ತಲ್ಪಟ್ಟು ಮಡಚಿ ಮುರಿಯುತ್ತದೆ. ಕೆಲವರಲ್ಲಿ ಗದ್ದವೇ ಮನುಬ್ರಿಯಂಗೆ ಬಡಿಯುತ್ತದೆ. ಇಲ್ಲಿ ಮೇಲಿನ ತುಂಡು ಹಿಂದಕ್ಕೂ ಕೆಳಕ್ಕೂ ಸರಿದು, ಕೆಳಗಿನ ತುಂಡಿನ ಹಿಂದೆ ಸೇರಿಕೊಳ್ಳುತ್ತದೆ. ಮೂಳೆಯ ಬದಲು ಮನುಬ್ರಿಯಂ ಮತ್ತು ದೇಹಭಾಗದ ನಡುವಿನ ಕೀಲೇ ತಪ್ಪುವುದೂ ಉಂಟು.

ಈ ದಿಕ್ಕನ್ನು ಗಮನಿಸುವ ರೂಢಿ ಬಹಳ ಉಪಯುಕ್ತ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಮನುಬ್ರಿಯಂ ಹಿಂದಕ್ಕೆ ಹೋಗಿದ್ದರೆ, ಎದೆಯ ಚರ್ಮದ ಮೇಲೆ ತರಚು ಕೂಡ ಇಲ್ಲದಿದ್ದರೆ, ಬೆನ್ನು ಮುರಿದಿಲ್ಲ ಎಂದು ಸಾಬೀತಾಗುವವರೆಗೆ ಮುರಿದಿದೆ ಎಂದೇ ನಡೆದುಕೊಳ್ಳಿ.

ಸೀಟ್ ಬೆಲ್ಟಿನಿಂದ ಎದೆಮೂಳೆಯಲ್ಲಿ ಸಣ್ಣ ಬಿರುಕು ಮಾತ್ರ. ಅದಕ್ಕೂ ಇಷ್ಟೆಲ್ಲ ಹೆದರಬೇಕೇ?

ಹೆದರಬೇಕಿಲ್ಲ, ಪರೀಕ್ಷೆ ಮಾಡಿಸಬೇಕು. ಸರಿಯದೆ ಕೂತಿರುವ ಒಂಟಿ ಬಿರುಕು ಬಹುಪಾಲು ಜನರಲ್ಲಿ ನೋವಿನ ಮಾತ್ರೆ ಮತ್ತು ಉಸಿರಾಟದ ವ್ಯಾಯಾಮದಲ್ಲೇ ವಾಸಿಯಾಗುತ್ತದೆ. ಆದರೆ ‘ಒಂಟಿ’ ಎಂದು ಹೇಳುವ ಮೊದಲು ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನಿನ ನಡುಸಾಲನ್ನು ಬೆರಳಿನಿಂದ ಒತ್ತಿ ನೋಡಿರಬೇಕು. ಸೊಂಟದ ಪಟ್ಟಿ ಮಾತ್ರ ಹಾಕಿಕೊಂಡಿದ್ದವರಲ್ಲಿ ಟಿ12ರಿಂದ ಎಲ್2ರ (ಸೊಂಟಭಾಗದ ಎರಡನೆಯ ಕಶೇರು) ಆಸುಪಾಸಿನಲ್ಲಿ ಕಶೇರು ಅಡ್ಡಲಾಗಿ ಸೀಳುವ ಬೇರೆ ಬಗೆಯ ಮುರಿತ ಆಗುತ್ತದೆ. ಹೊಟ್ಟೆಗೆ ಅಡ್ಡಲಾಗಿ ಪಟ್ಟಿಯ ಕಂದು ಗುರುತಿದ್ದರೆ ಕರುಳಿಗೂ ಪೆಟ್ಟಾಗಿರಬಹುದು.

ಬೆನ್ನಿನ ಮುರಿತ ಅಷ್ಟು ಸುಲಭವಾಗಿ ಏಕೆ ತಪ್ಪಿಹೋಗುತ್ತದೆ?

ಎದೆಮೂಳೆಯ ನೋವು ಬಹಳ ಜೋರು. ಪ್ರತಿ ಉಸಿರಿಗೂ ಚುಚ್ಚುತ್ತದೆ. ಅದರ ಮುಂದೆ ಭುಜದೆಲುಬುಗಳ ನಡುವಿನ ಮಂದ ನೋವನ್ನು ರೋಗಿ ಹೇಳುವುದೇ ಇಲ್ಲ, ಹೇಳಿದರೂ ‘ಬಿದ್ದಿದ್ದಕ್ಕೆ ಮೈಕೈ ನೋವು’ ಎಂದಾಗಿಬಿಡುತ್ತದೆ. ರೋಗಿ ಮಲಗಿಯೇ ಇರುವುದರಿಂದ ಬೆನ್ನನ್ನು ಯಾರೂ ನೋಡಿರುವುದಿಲ್ಲ. ತಲೆಗೆ ಪೆಟ್ಟಾದವರಲ್ಲಿ, ಮದ್ಯ ಕುಡಿದವರಲ್ಲಿ, ಕೃತಕ ಉಸಿರಾಟದಲ್ಲಿರುವವರಲ್ಲಿ ನೋವಿನ ಸುಳಿವೇ ಸಿಗುವುದಿಲ್ಲ.

ಇನ್ನೊಂದು ಕಾರಣ ಎಕ್ಸ್‌ರೇಯದ್ದು. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಟಿ1ರಿಂದ ಟಿ4ರವರೆಗಿನ ಕಶೇರುಗಳ ಮೇಲೆ ಎರಡೂ ಹೆಗಲುಗಳ ನೆರಳು ಬೀಳುತ್ತದೆ. ಪರೋಕ್ಷ ಮುರಿತ ಆಗುವುದೂ ಸಾಮಾನ್ಯವಾಗಿ ಬೆನ್ನಿನ ಮೇಲಿನ ಅರ್ಧದಲ್ಲಿ. ಎದೆಮೂಳೆಯಾದರೂ ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಒಂದನ್ನೊಂದು ಮರೆಮಾಡುವ ಜೋಡಿ ಇದು.

ಯಾವ ಲಕ್ಷಣ ಕಂಡರೆ ಎರಡೂ ಮುರಿದಿರಬಹುದು ಎಂದು ಅನುಮಾನಿಸಬೇಕು?

ಎದೆಯ ನಡುವೆ ಒತ್ತಿದರೆ ನೋವು, ಜೊತೆಗೆ ಬೆನ್ನಿನ ನಡುಸಾಲಿನಲ್ಲಿ ಒಂದೇ ಜಾಗದಲ್ಲಿ ನೋವು. ಎದೆಮೂಳೆಯ ಮೇಲೆ ಬೆರಳಿಗೆ ಸಿಗುವ ಮೆಟ್ಟಿಲು. ಕೆಮ್ಮಿದಾಗ ಎದೆಯಲ್ಲಿ ‘ಕಟ್’ ಎನ್ನುವ ಸದ್ದು. ಬೆನ್ನಿನಲ್ಲಿ ಎರಡು ಮುಳ್ಳುಗಳ ನಡುವೆ ಹೆಚ್ಚಿನ ಸಂದು, ಅಥವಾ ಹೊಸದಾಗಿ ಎದ್ದ ಗೂನು. ಕಾಲಿನಲ್ಲಿ ಜೋಮು, ಬಲ ಕಡಿಮೆ, ಮೂತ್ರ ಕಟ್ಟುವುದು ಇವು ಬೆನ್ನುಹುರಿಗೇ ಪೆಟ್ಟಾಗಿರುವ ಸೂಚನೆ. ಸ್ಪರ್ಶ ಎಲ್ಲಿಂದ ಕೆಳಗೆ ಇಲ್ಲ ಎಂಬುದನ್ನು ಪೆನ್ನಿನಿಂದ ಚರ್ಮದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆದಿಡಿ: ಮೊಲೆತೊಟ್ಟಿನ ಮಟ್ಟ ಟಿ4, ಹೊಕ್ಕುಳಿನ ಮಟ್ಟ ಟಿ10. ಎರಡು ಗಂಟೆಯ ನಂತರ ಆ ಗೆರೆ ಮೇಲಕ್ಕೆ ಸರಿದಿದ್ದರೆ ಕೂಡಲೇ ಶಸ್ತ್ರವೈದ್ಯರನ್ನು ಕರೆಯಬೇಕು.

ಅಪಘಾತದ ಜಾಗದಲ್ಲಿ ನಾವೇನು ಮಾಡಬಹುದು?

ತಕ್ಷಣದ ಅಪಾಯವಿಲ್ಲದಿದ್ದರೆ ಇದ್ದಲ್ಲೇ ಇರಲಿ. ಎಬ್ಬಿಸಿ ಕೂರಿಸುವುದು, ನೀರು ಕುಡಿಸುವುದು, ಕಂಕುಳಿಗೆ ಕೈಹಾಕಿ ಎತ್ತುವುದು ಬೇಡ. ಕೂರಿಸುವುದೆಂದರೆ ಮುರಿದ ಬೆನ್ನನ್ನು ಮತ್ತೆ ಅದೇ ದಿಕ್ಕಿಗೆ ಮಡಚಿದಂತೆ.

ತಲೆಯನ್ನು ಎರಡೂ ಕಡೆಯಿಂದ ಒಬ್ಬರು ಹಿಡಿದಿರಲಿ. ಹೊರಳಿಸಲೇಬೇಕಾದರೆ ತಲೆ ಹಿಡಿದವರೇ ಎಣಿಕೆ ಹೇಳಬೇಕು. ಹೆಗಲು, ಸೊಂಟ, ಕಾಲು ಹಿಡಿದ ಇನ್ನು ಮೂವರು ಆ ಎಣಿಕೆಗೆ ತಕ್ಕಂತೆ ಇಡೀ ಮೈಯನ್ನು ಒಂದೇ ಸಲ ತಿರುಗಿಸಬೇಕು. ವಾಂತಿ ಬಂದರೆ ಹೀಗೆಯೇ ಪಕ್ಕಕ್ಕೆ ಹೊರಳಿಸಿ. ಉಸಿರು ನಿಂತಿದ್ದರೆ ಮಾತ್ರ ಲೆಕ್ಕವೇ ಬೇರೆ: ಎದೆಮೂಳೆ ಮುರಿದಿದೆ ಎಂದು ಅನುಮಾನವಿದ್ದರೂ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ನಿಲ್ಲಿಸಬಾರದು.

ಗಟ್ಟಿ ಹಲಗೆ ಇರುವುದು ಗಾಡಿಯಿಂದ ಹೊರತೆಗೆದು ಸಾಗಿಸುವುದಕ್ಕೆ. ಆಸ್ಪತ್ರೆ ತಲುಪಿದ ಮೇಲೂ ಗಂಟೆಗಟ್ಟಲೆ ಅದರ ಮೇಲೆಯೇ ಮಲಗಿಸಿದರೆ ತ್ರಿಕಾಸ್ಥಿಯ (ಬೆನ್ನಿನ ಬುಡದ ಮೂಳೆ) ಮೇಲೆ ಒತ್ತುಹುಣ್ಣು ಶುರುವಾಗುತ್ತದೆ, ಸ್ಪರ್ಶ ಹೋದವರಲ್ಲಿ ಇನ್ನೂ ಬೇಗ.

ಯಾವ ಪರೀಕ್ಷೆಗಳು ಬೇಕು?

ಮುಖ್ಯವಾದದ್ದು ಎದೆ ಮತ್ತು ಇಡೀ ಬೆನ್ನಿನ ಸಿ.ಟಿ. ಸ್ಕ್ಯಾನ್. ಅಡ್ಡ ಸೀಳಿನ ಚಿತ್ರಗಳಷ್ಟೇ ಸಾಲದು. ಎದೆಮೂಳೆಯ ಮುರಿತ ಬಹುಮಟ್ಟಿಗೆ ಅಡ್ಡಲಾಗಿಯೇ ಇರುವುದರಿಂದ ಅಡ್ಡ ಸೀಳಿನಲ್ಲಿ ಎರಡು ಚಿತ್ರಗಳ ನಡುವೆ ಜಾರಿಹೋಗುತ್ತದೆ. ತೆಳುವಾದ, 1 ಮಿ.ಮೀ. ಆಸುಪಾಸಿನ ಪದರಗಳಿಂದ ಪಕ್ಕದ ನೋಟವನ್ನು ಕಟ್ಟಿ, ಎದೆಮೂಳೆ ಮತ್ತು ಬೆನ್ನುಮೂಳೆ ಒಂದೇ ಚಿತ್ರದಲ್ಲಿ ಬರುವಂತೆ ನೋಡಬೇಕು. ಬೆನ್ನಿಗೆಂದೇ ತೆಗೆದ ಸ್ಕ್ಯಾನಿನಲ್ಲಿ ಚಿತ್ರದ ಚೌಕಟ್ಟನ್ನು ಬೆನ್ನಿಗಷ್ಟೇ ಕತ್ತರಿಸಿರುತ್ತಾರೆ. ಮೂಲ ದತ್ತಾಂಶದಲ್ಲಿ ಎದೆಮೂಳೆ ಇರುತ್ತದೆ, ಕೇಳಿ ಮತ್ತೆ ಕಟ್ಟಿಸಿಕೊಳ್ಳಬಹುದು.

ಒಂದು ಕಡೆ ಮುರಿತ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬಾರದು. ದೂರದ ಇನ್ನೊಂದು ಕಶೇರುವೂ ಮುರಿದಿರುವ ಸಾಧ್ಯತೆ ಇರುವುದರಿಂದ ಕುತ್ತಿಗೆಯಿಂದ ಕೆಳಬೆನ್ನಿನವರೆಗೆ ಎಲ್ಲವನ್ನೂ ನೋಡಬೇಕು.

ಕಾಲಿನ ಬಲ ಅಥವಾ ಸ್ಪರ್ಶದಲ್ಲಿ ಕೊರತೆಯಿದ್ದರೆ, ಅಥವಾ ಕಶೇರುಗಳನ್ನು ಕಟ್ಟಿಹಿಡಿಯುವ ಹಿಂಬದಿಯ ಲಿಗಮೆಂಟ್‌ಗಳು ಹರಿದಿರುವ ಅನುಮಾನವಿದ್ದರೆ ಎಂಆರ್‌ಐ ಬೇಕು. ಎದೆಯ ಎಕ್ಸ್‌ರೇಯಲ್ಲಿ ನಡುವಿನ ನೆರಳು ಅಗಲವಾಗಿ ಕಂಡರೆ ಮಹಾಧಮನಿ ಹರಿದಿದೆಯೇ ಎಂದು ರಕ್ತನಾಳ ಎದ್ದು ಕಾಣುವಂತೆ ಔಷಧ ಕೊಟ್ಟು ಮಾಡುವ ಕಾಂಟ್ರಾಸ್ಟ್ ಸಿ.ಟಿ.ಯಲ್ಲಿ ನೋಡುತ್ತಾರೆ. ಧಮನಿ ಸರಿಯಾಗಿದ್ದರೆ ಅಷ್ಟಕ್ಕೇ ಸಮಾಧಾನ ಬೇಡ. ಮುರಿದ ಕಶೇರುವಿನ ಸುತ್ತ ತುಂಬಿದ ರಕ್ತವೂ ಅದೇ ನೆರಳನ್ನು ಕೊಡುತ್ತದೆ.

ಎದೆಮೂಳೆ ಮುರಿದರೆ ಹೃದಯಕ್ಕೆ ಪೆಟ್ಟಾಗಿರುತ್ತದೆಯೇ?

ಮುರಿತವೊಂದೇ ಅದಕ್ಕೆ ಸಾಕ್ಷಿಯಲ್ಲ. ಇಸಿಜಿ ಮತ್ತು ರಕ್ತದಲ್ಲಿ ಟ್ರೋಪೊನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದರೆ ಏರುವ ಅಂಶ) ಎರಡೂ ಮಾಡಿಸುತ್ತಾರೆ. ಎರಡೂ ಸರಿಯಿದ್ದರೆ ಹೃದಯದ ಗಣನೀಯ ಪೆಟ್ಟು ಇಲ್ಲ ಎಂದು ಹೇಳಬಹುದು. ಇಸಿಜಿಯಲ್ಲಿ ಹೊಸ ಬದಲಾವಣೆ ಇದ್ದರೆ ಮಾನಿಟರ್ ಹಾಕಿ ದಾಖಲಿಸಿಕೊಳ್ಳುತ್ತಾರೆ. ರಕ್ತದೊತ್ತಡ ಕುಸಿದಿದ್ದರೆ ಅಥವಾ ಬಡಿತದ ತಾಳ ತಪ್ಪುತ್ತಲೇ ಇದ್ದರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡುತ್ತಾರೆ.

ರಕ್ತದೊತ್ತಡ ಕಡಿಮೆ, ಆದರೆ ನಾಡಿಯೂ ನಿಧಾನ. ಹೇಗೆ ಸಾಧ್ಯ?

ರಕ್ತ ಸೋರಿದಾಗ ನಾಡಿ ಓಡುತ್ತದೆ, ಚರ್ಮ ತಣ್ಣಗಾಗುತ್ತದೆ. ಟಿ6ಕ್ಕಿಂತ ಮೇಲೆ ಬೆನ್ನುಹುರಿ ಜಖಂ ಆದರೆ ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳ ಹತೋಟಿಯೇ ತಪ್ಪುತ್ತದೆ: ಒತ್ತಡ ಇಳಿಯುತ್ತದೆ, ನಾಡಿ ನಿಧಾನವಾಗುತ್ತದೆ, ಕಾಲು ಬೆಚ್ಚಗಿರುತ್ತದೆ. ಇದಕ್ಕೆ ನ್ಯೂರೋಜೆನಿಕ್ ಶಾಕ್ ಎನ್ನುತ್ತಾರೆ. ಬರೀ ಸಲೈನ್ ಸುರಿದರೆ ಜಜ್ಜಿದ ಶ್ವಾಸಕೋಶ ನೀರು ತುಂಬಿಕೊಳ್ಳುತ್ತದೆ. ಒತ್ತಡ ಏರಿಸುವ ಔಷಧ ಬೇಕಾಗುತ್ತದೆ. ಆದರೂ ಮೊದಲು ಎದೆ, ಹೊಟ್ಟೆ, ಸೊಂಟದ ಒಳಗೆ ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು, ಎರಡೂ ಒಟ್ಟಿಗೆ ಇರುವ ರೋಗಿಗಳು ಕಡಿಮೆಯೇನಲ್ಲ. ಹುರಿಗೆ ರಕ್ತ ಸಾಲದೆ ಹೋಗಬಾರದೆಂದು ಮೊದಲ ಕೆಲವು ದಿನ ಸರಾಸರಿ ಒತ್ತಡವನ್ನು ಸಾಮಾನ್ಯವಾಗಿ 85ರ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತಾರೆ. ಎದೆಭಾಗದಲ್ಲಿ ಹುರಿಯ ಕೊಳವೆ ಇಕ್ಕಟ್ಟು, ರಕ್ತ ಪೂರೈಕೆಯೂ ತೆಳು, ಆದ್ದರಿಂದ ಇಷ್ಟು ಜಾಗ್ರತೆ.

ಹುರಿಗೆ ಪೆಟ್ಟಾದವರಿಗೆ ಸ್ಟೀರಾಯ್ಡ್ ಕೊಡಬೇಕಲ್ಲವೇ?

ಮೊದಲು ಎಲ್ಲರಿಗೂ ಕೊಡುತ್ತಿದ್ದರು. ಈಗ ಅದು ಕಡ್ಡಾಯವಲ್ಲ. ಸೋಂಕು ಮತ್ತು ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಇರುವುದರಿಂದ, ಅದರಲ್ಲೂ ಎದೆಗೆ ಪೆಟ್ಟಾಗಿ ನ್ಯುಮೋನಿಯಾ ಕಾದು ಕೂತಿರುವ ರೋಗಿಗೆ, ಅನೇಕರು ಕೊಡುವುದಿಲ್ಲ. ಕೊಡುವವರೂ ಪೆಟ್ಟಾದ 8 ಗಂಟೆಯೊಳಗೆ ಶುರುಮಾಡುತ್ತಾರೆ.

ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ಹೇಗೆ ತೀರ್ಮಾನಿಸುತ್ತಾರೆ?

ಬೆನ್ನಿನ ಮುರಿತಕ್ಕೆ ಅಂಕ ಹಾಕುವ ಪದ್ಧತಿಗಳಿವೆ. ಟಿಎಲ್‌ಐಸಿಎಸ್ ಎಂಬ ಲೆಕ್ಕದಲ್ಲಿ ಮುರಿತದ ಆಕಾರ, ಹಿಂಬದಿಯ ಲಿಗಮೆಂಟ್‌ಗಳ ಸ್ಥಿತಿ, ನರಗಳ ಸ್ಥಿತಿ ಈ ಮೂರಕ್ಕೆ ಅಂಕ ಕೊಡುತ್ತಾರೆ. ಒಟ್ಟು 3 ಅಥವಾ ಕಡಿಮೆ ಬಂದರೆ ಶಸ್ತ್ರಚಿಕಿತ್ಸೆ ಬೇಡ, 5 ಅಥವಾ ಹೆಚ್ಚು ಬಂದರೆ ಬೇಕು, 4 ಬಂದರೆ ವೈದ್ಯರ ವಿವೇಚನೆ. ಎಒ ಪದ್ಧತಿಯಲ್ಲಿ ಎ ಎಂದರೆ ಕಶೇರು ಕುಸಿದದ್ದು, ಬಿ ಎಂದರೆ ಹಿಡಿದಿಡುವ ಕಟ್ಟು ಹರಿದದ್ದು, ಸಿ ಎಂದರೆ ಒಂದರ ಮೇಲಿಂದ ಒಂದು ಸರಿದದ್ದು.

ತೊಡಕು ಏನೆಂದರೆ, ಟಿಎಲ್‌ಐಸಿಎಸ್ ಲೆಕ್ಕದಲ್ಲಿ ಎದೆಮೂಳೆಗೆ ಅಂಕವೇ ಇಲ್ಲ. ಟಿ5ರಲ್ಲಿ ಒಡೆದು ಚೂರಾದ ಮುರಿತ, ಲಿಗಮೆಂಟ್ ಸರಿ, ನರ ಸರಿ: ಅಂಕ 2. ಕಾಗದದ ಮೇಲೆ ಭದ್ರ. ಅದೇ ರೋಗಿಯ ಎದೆಮೂಳೆ ಸರಿದು ಮುರಿದಿದ್ದರೆ ಬೆನ್ನು ಎರಡು ವಾರದಲ್ಲಿ ಇನ್ನಷ್ಟು ಬಾಗಿರಬಹುದು. ನಮ್ಮ ಅಭಿಪ್ರಾಯದಲ್ಲಿ ಇಂಥವರನ್ನು ಅಂಕ ನೋಡಿ ಮನೆಗೆ ಕಳಿಸಬಾರದು. ಶಸ್ತ್ರಚಿಕಿತ್ಸೆಯ ಕಡೆಗೆ ಒಲವಿರಬೇಕು, ಮಾಡದಿದ್ದರೆ ನಿಗಾ ಬಿಗಿಯಾಗಿರಬೇಕು. ಎದೆಮೂಳೆಯ ತುಂಡುಗಳು ಸರಿಯದೆ ಕೂತಿದ್ದು, ಕಶೇರುವಿನ ಕುಸಿತವೂ ಅಲ್ಪವಾಗಿದ್ದರೆ ಶಸ್ತ್ರಚಿಕಿತ್ಸೆಯಿಲ್ಲದೆ ನಿಭಾಯಿಸಬಹುದು.

ಬೆಲ್ಟ್ ಅಥವಾ ಬ್ರೇಸ್ ಹಾಕಿಕೊಂಡರೆ ಸಾಕಾಗುವುದಿಲ್ಲವೇ?

ಯಾವ ಬ್ರೇಸ್ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ. ಬೆನ್ನು ಮುಂದಕ್ಕೆ ಬಾಗದಂತೆ ತಡೆಯುವ ಜುವೆಟ್ ಬ್ರೇಸ್ ಮೂರು ಕಡೆ ಒತ್ತುತ್ತದೆ: ಹಿಂದೆ ಬೆನ್ನಿನ ನಡುವೆ, ಮುಂದೆ ಕೆಳಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ, ಇನ್ನೊಂದು ನೇರವಾಗಿ ಎದೆಮೂಳೆಯ ಮೇಲೆ. ಮುರಿದ ಎದೆಮೂಳೆಯ ಮೇಲೆ ಆ ಪ್ಯಾಡ್ ಕೂತರೆ ನೋವಿಗೆ ರೋಗಿ ಪಟ್ಟಿ ಸಡಿಲಿಸುತ್ತಾರೆ, ಸಡಿಲಾದ ಬ್ರೇಸ್ ಯಾವ ಕೆಲಸವನ್ನೂ ಮಾಡುವುದಿಲ್ಲ. ಬಿಗಿಯಾಗಿಯೇ ಇಟ್ಟರೆ ತುಂಡು ಒಳಕ್ಕೆ ಸರಿಯಬಹುದು, ಉಸಿರೂ ಕಟ್ಟಿದಂತಾಗುತ್ತದೆ. ಇಂಥವರಿಗೆ ಅಳತೆ ಕೊಟ್ಟು ಮಾಡಿಸಿದ, ಒತ್ತಡವನ್ನು ಕಾಲರ್ ಮೂಳೆಯ ಕೆಳಗೆ ಎರಡೂ ಬದಿಗೆ ಹಂಚುವ, ಎದೆಯ ನಡುವೆ ಬಿಡುವು ಕೊಟ್ಟ ಗಟ್ಟಿ ಜಾಕೆಟ್ ಬೇಕಾಗುತ್ತದೆ.

ಎರಡನೆಯ ತೊಂದರೆ ಎತ್ತರದ್ದು. ಸಾಮಾನ್ಯ ಜಾಕೆಟ್ ಟಿ6, ಟಿ7ಕ್ಕಿಂತ ಮೇಲಿನ ಮುರಿತವನ್ನು ಹಿಡಿದಿಡಲಾರದು. ಅದಕ್ಕೆ ಕುತ್ತಿಗೆ ಮತ್ತು ಗದ್ದದ ಆಸರೆಯನ್ನು ಜೋಡಿಸಬೇಕು. ಇಷ್ಟೆಲ್ಲ ಹೊತ್ತು 8ರಿಂದ 12 ವಾರ ಕಳೆಯುವುದಕ್ಕಿಂತ ಶಸ್ತ್ರಚಿಕಿತ್ಸೆಯೇ ವಾಸಿ ಎಂದು ಕೆಲವರಿಗೆ ಅನ್ನಿಸುತ್ತದೆ, ಅದು ತಪ್ಪು ಯೋಚನೆಯೂ ಅಲ್ಲ.

ಬೆನ್ನಿನ ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಹಿಂಬದಿಯಿಂದ ಕಶೇರುಗಳಿಗೆ ಸ್ಕ್ರೂ ಹಾಕಿ ಎರಡೂ ಬದಿಯ ಸರಳುಗಳಿಂದ ಜೋಡಿಸುತ್ತಾರೆ. ಸಾಮಾನ್ಯವಾಗಿ ಮುರಿತದ ಮೇಲೆ ಎರಡು ಮಟ್ಟ, ಕೆಳಗೆ ಎರಡು ಮಟ್ಟ. ಹುರಿಯ ಮೇಲೆ ಮೂಳೆಯ ತುಂಡು ಒತ್ತಿದ್ದರೆ ತೆಗೆಯುತ್ತಾರೆ. ಹುರಿಗೆ ಪೆಟ್ಟಾದವರಲ್ಲಿ, ಶ್ವಾಸಕೋಶ ಮತ್ತು ಒತ್ತಡ ಅರಿವಳಿಕೆಯನ್ನು ತಡೆದುಕೊಳ್ಳುವಂತಿದ್ದರೆ, 24 ಗಂಟೆಯೊಳಗೆ ಮಾಡುವುದು ಗುರಿ.

ಎದೆಮೂಳೆಗೂ ಪ್ಲೇಟ್ ಹಾಕಬೇಕೇ? ಯಾವುದು ಮೊದಲು?

ಎಲ್ಲರಿಗೂ ಬೇಡ. ತುಂಡುಗಳು ಪೂರ್ತಿ ಸರಿದಿದ್ದರೆ, ಉಸಿರಾಡುವಾಗ ಎದೆಯ ಗೋಡೆ ಉಲ್ಟಾ ಚಲಿಸುತ್ತಿದ್ದರೆ, ನೋವು ತಡೆಯಲಾಗದೆ ಕಫ ಹೊರಬರುತ್ತಿಲ್ಲದಿದ್ದರೆ, ಅಥವಾ ಅಭದ್ರವಾದ ಬೆನ್ನಿನ ಮುರಿತ ಜೊತೆಗಿದ್ದರೆ ಯೋಚಿಸುತ್ತಾರೆ. ಕಾಲುಗಳ ಬಲ ಹೋದವರಲ್ಲಿ ಇನ್ನೊಂದು ಕಾರಣ ಸೇರುತ್ತದೆ: ಹಾಸಿಗೆಯಿಂದ ಕುರ್ಚಿಗೆ ಹೋಗುವಾಗ, ಗಾಲಿಕುರ್ಚಿ ತಳ್ಳುವಾಗ ಮೈಭಾರವೆಲ್ಲ ತೋಳುಗಳ ಮೂಲಕ ಎದೆಮೂಳೆಯ ಮೇಲೆಯೇ ಬೀಳುತ್ತದೆ.

ಕ್ರಮದ ವಿಷಯದಲ್ಲಿ ಎಲ್ಲರಿಗೂ ಒಂದೇ ನಿಯಮವಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಬೋರಲು ಮಲಗಿಸಬೇಕು, ಆಗ ಭಾರ ಎದೆಯ ಮೇಲೆ ಬೀಳುತ್ತದೆ. ಎದೆಮೂಳೆ ಅಲುಗಾಡುತ್ತಿದ್ದರೆ ಅದು ಹೃದಯದ ಮೇಲೆ ಒತ್ತಿ, ಬೋರಲು ಮಾಡಿದ ಕೂಡಲೇ ಒತ್ತಡ ಕುಸಿಯಬಹುದು. ಹಾಗಾಗಿ ಕೆಲವರು ಅಂಗಾತ ಮಲಗಿಸಿ ಎದೆಮೂಳೆಯನ್ನು ಮೊದಲು ಭದ್ರಪಡಿಸುತ್ತಾರೆ. ಹುರಿ ಒತ್ತಲ್ಪಟ್ಟು ಬಲ ಕುಂದುತ್ತಿದ್ದರೆ ಬೆನ್ನಿಗೇ ಆದ್ಯತೆ. ಆಗ ದಿಂಬುಗಳನ್ನು ಎದೆಯ ನಡುವೆ ಇಡದೆ ಎರಡೂ ಬದಿಗೆ ಮತ್ತು ಸೊಂಟದ ಕೆಳಗೆ ಇಡುತ್ತಾರೆ. ಬಾಗಿದ ಬೆನ್ನನ್ನು ನೇರ ಮಾಡಿದಾಗ ಒಂದರ ಹಿಂದೊಂದು ಸೇರಿದ್ದ ಎದೆಮೂಳೆಯ ತುಂಡುಗಳು ಕೆಲವೊಮ್ಮೆ ತಾವಾಗಿ ಸಾಲಿಗೆ ಬರುತ್ತವೆ, ಪ್ಲೇಟಿನ ಅಗತ್ಯವೇ ಬೀಳುವುದಿಲ್ಲ.

ಪ್ಲೇಟ್ ಹಾಕುವಾಗ ಆಳವೇ ಅಪಾಯ. ಈ ಮೂಳೆಯ ದಪ್ಪ 1 ಸೆಂ.ಮೀ. ಆಸುಪಾಸು, ಹಿಂದೆಯೇ ಹೃದಯ ಮತ್ತು ದೊಡ್ಡ ರಕ್ತನಾಳಗಳು. ಸಿ.ಟಿ.ಯಲ್ಲಿ ದಪ್ಪ ಅಳೆದು ಸ್ಕ್ರೂವಿನ ಉದ್ದ ಆರಿಸುತ್ತಾರೆ, ಡ್ರಿಲ್ಲಿಗೆ ತಡೆ ಹಾಕಿರುತ್ತಾರೆ.

ನೋವಿಗೆ ಏನು ಮಾಡಬಹುದು? ಉಸಿರೇ ಎಳೆಯಲಾಗುತ್ತಿಲ್ಲ.

ನೋವು ತಡೆದುಕೊಂಡು ಮಲಗುವುದು ಇಲ್ಲಿ ಧೈರ್ಯವಲ್ಲ. ಉಸಿರು ಮೇಲುಮೇಲಕ್ಕೆ ಎಳೆದರೆ ಶ್ವಾಸಕೋಶದ ಕೆಳಭಾಗ ಮುದುಡಿ ಮೂರು ನಾಲ್ಕು ದಿನದಲ್ಲಿ ನ್ಯುಮೋನಿಯಾ ಆಗುತ್ತದೆ. ಯಕೃತ್ತಿನ ತೊಂದರೆಯಿಲ್ಲದ, 50 ಕೆ.ಜಿ.ಗಿಂತ ಹೆಚ್ಚು ತೂಕದ ವಯಸ್ಕರಿಗೆ ಪ್ಯಾರಾಸಿಟಮಾಲ್ 1 ಗ್ರಾಂನಂತೆ 6 ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಂ ಮೀರದಂತೆ ಕೊಡುತ್ತಾರೆ. ನೋವು ಬಂದಾಗ ಅಲ್ಲ, ಗಡಿಯಾರ ನೋಡಿ. ಅದರ ಮೇಲೆ ಬೇಕಾದಷ್ಟು ಬಲವಾದ ಔಷಧ, ಇಲ್ಲವೇ ನರದ ಬ್ಲಾಕ್, ಅಂದರೆ ನೋವಿನ ನರವನ್ನು ಮರಗಟ್ಟಿಸುವ ಚುಚ್ಚುಮದ್ದು. ಬಲವಾದ ಔಷಧದಿಂದ ಮಲಬದ್ಧತೆ ಬಂದೇ ಬರುತ್ತದೆ. ಮುಕ್ಕರಿದರೆ ಬೆನ್ನು, ಎದೆ ಎರಡಕ್ಕೂ ನೋವು, ಆದ್ದರಿಂದ ಭೇದಿ ಔಷಧ ಮೊದಲ ದಿನದಿಂದಲೇ ಇರಲಿ.

ಚೆಂಡು ಮೇಲೇರುವ ಸ್ಪೈರೋಮೀಟರನ್ನು ಎಚ್ಚರವಿರುವಾಗ ಗಂಟೆಗೆ 10 ಸಲ. ಊದುವುದಲ್ಲ, ಎಳೆಯುವುದು. ಎಳೆದು 3ರಿಂದ 5 ಸೆಕೆಂಡ್ ಹಿಡಿದಿರಿ. ನೋವಿನ ಔಷಧ ಕೊಟ್ಟು ಅರ್ಧ ಗಂಟೆಯ ನಂತರ ಮಾಡಿಸಿದರೆ ಚೆಂಡು ಇನ್ನೂ ಮೇಲೇರುವುದು ಕಾಣುತ್ತದೆ. ಕೆಮ್ಮುವಾಗ ಮಡಚಿದ ಟವೆಲನ್ನೋ ಸಣ್ಣ ದಿಂಬನ್ನೋ ಎದೆಗೆ ಅವುಚಿಕೊಳ್ಳಿ.

ಹಾಸಿಗೆಯಿಂದ ಏಳುವುದು ಹೇಗೆ?

ಇಲ್ಲಿ ಎರಡು ಉಪದೇಶಗಳು ಡಿಕ್ಕಿ ಹೊಡೆಯುತ್ತವೆ. ಬೆನ್ನಿನವರು ‘ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ’ ಎನ್ನುತ್ತಾರೆ. ಎದೆಮೂಳೆಯವರು ‘ಕೈ ಊರಬೇಡಿ’ ಎನ್ನುತ್ತಾರೆ. ಎರಡೂ ಮುರಿದವರಿಗೆ ಆಗುವ ದಾರಿ ಹೀಗೆ: ಹಾಸಿಗೆಯ ತಲೆಭಾಗವನ್ನು ವೈದ್ಯರು ಒಪ್ಪಿದಷ್ಟು ಮಾತ್ರ ಏರಿಸಿ. ಮೊಣಕಾಲು ಮಡಚಿ, ತೋಳುಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿ, ಹೆಗಲು ಮತ್ತು ಸೊಂಟ ಒಟ್ಟಿಗೆ ಹೊರಳುವಂತೆ ಪಕ್ಕಕ್ಕೆ ತಿರುಗಿ. ಕಾಲುಗಳನ್ನು ಹಾಸಿಗೆಯಿಂದ ಕೆಳಗೆ ಇಳಿಬಿಡಿ. ಕಾಲಿನ ಭಾರ ಕೆಳಗಿಳಿಯುತ್ತಿದ್ದಂತೆ ಸಹಾಯಕರು ಕೆಳಗಿನ ಭುಜದೆಲುಬಿನ ಹಿಂದೆ ಕೈಯಿಟ್ಟು ಎತ್ತಲಿ, ತೋಳು ಹಿಡಿದು ಎಳೆಯಬಾರದು. ನೀವೇ ಒತ್ತಲೇಬೇಕಾದರೆ ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟುಕೊಂಡು ಒತ್ತಿ. ತೋಳು ಮೈಯಿಂದ ದೂರ ಹೋದಷ್ಟೂ ಎದೆಮೂಳೆಯ ಮೇಲಿನ ಎಳೆತ ಹೆಚ್ಚು. ಹಾಸಿಗೆಯ ಮೇಲೆ ತೂಗುಹಾಕಿದ ಹಿಡಿಕೆ ಇವರಿಗೆ ಬೇಡವೇ ಬೇಡ.

ಅಜ್ಜಿ ಬಿದ್ದೇ ಇಲ್ಲ. ಆದರೂ ಎದೆಮೂಳೆ ಮುರಿದಿದೆ ಎನ್ನುತ್ತಾರೆ. ಹೇಗೆ?

ಮೂಳೆ ಸವೆದ ವಯಸ್ಸಾದವರಲ್ಲಿ ಕಶೇರುಗಳು ಒಂದೊಂದಾಗಿ ಮುಂದೆ ಕುಸಿದು ಗೂನು ಹೆಚ್ಚುತ್ತದೆ. ಗೂನು ಹೆಚ್ಚಿದಷ್ಟೂ ಎದೆಮೂಳೆ ಮೇಲಿಂದ ಕೆಳಕ್ಕೆ ಒತ್ತಲ್ಪಟ್ಟು ಒಂದು ದಿನ ಮಡಚಿಕೊಳ್ಳುತ್ತದೆ. ಏಕಾಏಕಿ ಎದೆನೋವು ಬರುವುದರಿಂದ ಹೃದಯಾಘಾತವೆಂದು ದಾಖಲಾಗುವವರೂ ಇದ್ದಾರೆ. ಹೃದಯ ಸರಿಯಿದೆ ಎಂದಾದ ಮೇಲೆ ಎದೆಮೂಳೆಯನ್ನು ಒತ್ತಿ ನೋಡಿ, ಬೆನ್ನಿನ ಚಿತ್ರ ತೆಗೆಸಬೇಕು. ಮೂಳೆ ಸವೆತಕ್ಕೆ ಔಷಧ ಶುರುಮಾಡದೆ ನೋವಿನ ಮಾತ್ರೆ ಮಾತ್ರ ಕೊಟ್ಟು ಕಳಿಸಿದರೆ ಮುಂದಿನ ಕಶೇರು ಕುಸಿಯುವುದನ್ನು ಕಾಯುತ್ತಾ ಕೂತಂತೆ. ಕ್ಯಾನ್ಸರ್ ಹರಡಿ ಮೂಳೆ ಮುರಿದಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಿಗೆ ವಿಶೇಷ ಎಚ್ಚರಿಕೆ ಏನು?

ಇಡೀ ಬೆನ್ನು ಕೂಡಿಕೊಂಡು ಒಂದೇ ಸರಳಿನಂತಾಗಿರುವುದರಿಂದ ನಿಂತಲ್ಲಿಂದ ಬಿದ್ದರೂ ಬೆನ್ನು ಅಡ್ಡಲಾಗಿ ಪೂರ್ತಿ ಮುರಿಯಬಹುದು, ಎದೆಮೂಳೆಯೂ ಜೊತೆಗೇ. ಇವರನ್ನು ಚಪ್ಪಟೆಯಾಗಿ ಮಲಗಿಸಲು ಹೋಗಬೇಡಿ. ಮೊದಲಿದ್ದ ಗೂನಿಗೆ ತಕ್ಕಂತೆ ತಲೆ, ಹೆಗಲ ಕೆಳಗೆ ದಿಂಬು ಕೊಡಿ. ಬಲವಂತವಾಗಿ ನೇರ ಮಾಡಿದರೆ ಮುರಿತ ಬಾಯ್ದೆರೆದು ಹುರಿ ಜಖಂ ಆಗುತ್ತದೆ. ಎಕ್ಸ್‌ರೇ ಸರಿಯಿದೆ ಎಂಬ ಮಾತನ್ನು ನಂಬದೆ ಸಿ.ಟಿ. ಅಥವಾ ಎಂಆರ್‌ಐ ಮಾಡಿಸಿ.

ಮಕ್ಕಳಲ್ಲಿ?

ಮಕ್ಕಳ ಎದೆಗೂಡು ಬಾಗುವಂಥದ್ದು, ಹಾಗಾಗಿ ಈ ಜೋಡಿ ಮುರಿತ ಅಪರೂಪ. ಆಟದಲ್ಲಿ ಕುತ್ತಿಗೆ, ಬೆನ್ನು ಮಡಚಿಕೊಂಡು ಬಿದ್ದ ಮಕ್ಕಳಲ್ಲಿ ನೋಡಬೇಕು. ಎದೆಮೂಳೆ ಹಲವು ತುಂಡುಗಳಾಗಿ ಬೆಳೆದು ಆಮೇಲೆ ಕೂಡುವುದರಿಂದ ಅವುಗಳ ನಡುವಿನ ಸಂದನ್ನು ಮುರಿತವೆಂದು ಓದುವ ತಪ್ಪು ಆಗುತ್ತದೆ. ಮೂಳೆಯಲ್ಲಿ ಮುರಿತ ಕಾಣದೆಯೂ ಹುರಿಗೆ ಪೆಟ್ಟಾಗಿರಬಹುದಾದ್ದರಿಂದ ಕೈಕಾಲಿನ ಬಲ ಕಡಿಮೆಯಿದ್ದರೆ ಎಂಆರ್‌ಐ ಮಾಡಲೇಬೇಕು.

ವಾಸಿಯಾಗಲು ಎಷ್ಟು ದಿನ? ಯಾವಾಗ ಏನು ಮಾಡಬಹುದು?

ಎದೆಮೂಳೆ ಸಾಮಾನ್ಯವಾಗಿ 8ರಿಂದ 12 ವಾರದಲ್ಲಿ ಕೂಡುತ್ತದೆ. ಬೆನ್ನಿನ ಮೂಳೆಗೆ 3 ತಿಂಗಳು, ಪೂರ್ತಿ ಗಟ್ಟಿಯಾಗಲು ಇನ್ನೂ ಹೆಚ್ಚು. ಮೊದಲ 6 ವಾರ ಎರಡು ಮೂರು ಕೆ.ಜಿ.ಗಿಂತ ಭಾರ ಎತ್ತಬೇಡಿ, ಭಾರವಾದ ಬಾಗಿಲು ತಳ್ಳಬೇಡಿ, ಮುಂದಕ್ಕೆ ಬಗ್ಗಿ ನೆಲದಿಂದ ಏನನ್ನೂ ತೆಗೆಯಬೇಡಿ. ನಡೆಯುವುದು ಒಳ್ಳೆಯದು, ದಿನದಿನಕ್ಕೆ ಹೆಚ್ಚಿಸಿ. ಬ್ರೇಸ್ ಇರುವವರೆಗೆ ಮತ್ತು ಮಂಪರು ತರುವ ಔಷಧ ನಿಲ್ಲುವವರೆಗೆ ವಾಹನ ಓಡಿಸುವಂತಿಲ್ಲ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡೆಯುತ್ತದೆ.

ಶಸ್ತ್ರಚಿಕಿತ್ಸೆಯಿಲ್ಲದೆ ಇರುವವರಿಗೆ ಒಂದು ವಿಷಯ ಮುಖ್ಯ. ಮಲಗಿಸಿ ತೆಗೆದ ಚಿತ್ರದಲ್ಲಿ ಬೆನ್ನು ನೇರವಾಗಿ ಕಾಣುತ್ತದೆ, ಭಾರ ಬಿದ್ದಾಗಲೇ ಅದರ ನಿಜರೂಪ ಗೊತ್ತಾಗುವುದು. ಬ್ರೇಸ್ ಹಾಕಿ ಎಬ್ಬಿಸಿ ನಿಲ್ಲಿಸಿದ ಮೇಲೆ ಮೊದಲ ಎಕ್ಸ್‌ರೇ, ಮತ್ತೆ 1ರಿಂದ 2 ವಾರಕ್ಕೆ, 6 ವಾರಕ್ಕೆ, 3 ತಿಂಗಳಿಗೆ ಅದೇ ಭಂಗಿಯಲ್ಲಿ ತೆಗೆಸಿ ಬಾಗಿದ ಕೋನವನ್ನು ಅಳೆದು ಹೋಲಿಸಬೇಕು. ಕೋನ ಏರುತ್ತಿದ್ದರೆ ಬೇಗ ಗೊತ್ತಾದಷ್ಟೂ ಸರಿಪಡಿಸುವುದು ಸುಲಭ.

ಆರು ತಿಂಗಳಾದರೂ ಎದೆಯಲ್ಲಿ ‘ಕಟ್ ಕಟ್’ ಸದ್ದು ಬರುತ್ತಿದೆ.

ಸದ್ದಿನ ಜೊತೆ ನೋವೂ ಅಲುಗಾಟವೂ ಇದ್ದರೆ ಮೂಳೆ ಕೂಡಿಲ್ಲದಿರಬಹುದು. ಸಿ.ಟಿ. ಮಾಡಿಸಿದರೆ ತಿಳಿಯುತ್ತದೆ. ಕೂಡದ ಜಾಗವನ್ನು ಹಸಿಮಾಡಿ, ಬೇಕಾದರೆ ಮೂಳೆಯ ಚೂರು ತುಂಬಿ ಪ್ಲೇಟ್ ಹಾಕುತ್ತಾರೆ. ಅಷ್ಟರ ಜೊತೆಗೆ ನಿಂತು ತೆಗೆದ ಬೆನ್ನಿನ ಎಕ್ಸ್‌ರೇ ಕೂಡ ಬೇಕು. ಬೆನ್ನು ಬಾಗುತ್ತಲೇ ಇದ್ದರೆ ಎದೆಮೂಳೆಗೆ ಮಾತ್ರ ಹಾಕಿದ ಪ್ಲೇಟ್ ಸಡಿಲವಾಗುತ್ತದೆ.

ಕಾಲುಗಳ ಬಲ ಹೋಗಿದೆ. ಮನೆಯಲ್ಲಿ ಏನೇನು ನೋಡಿಕೊಳ್ಳಬೇಕು?

ಮಲಗಿದ್ದಾಗ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಚುಚ್ಚುಮದ್ದನ್ನು ಹೇಳಿದಷ್ಟು ದಿನ ತಪ್ಪದೆ ಕೊಡಿ.

ಟಿ6 ಅಥವಾ ಅದಕ್ಕಿಂತ ಮೇಲೆ ಹುರಿ ಜಖಂ ಆದವರಲ್ಲಿ ಒಂದು ತುರ್ತು ಸ್ಥಿತಿ ಮನೆಯವರಿಗೆ ಗೊತ್ತಿರಲೇಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ಮುಖ ಕೆಂಪೇರಿ ಬೆವರುವುದು, ರಕ್ತದೊತ್ತಡದ ಮೇಲಿನ ಅಂಕಿ ಎಂದಿಗಿಂತ 20ರಿಂದ 40 ಹೆಚ್ಚಾಗುವುದು. ಇವರ ಮಾಮೂಲಿ ಒತ್ತಡವೇ 90ರಿಂದ 110 ಇರುವುದರಿಂದ 140 ಬಂದರೂ ಅಪಾಯ. ಬೆನ್ನು ಭದ್ರವಾಗಿದ್ದರೆ ಕೂರಿಸಿ, ಬಿಗಿಯಾದ ಬಟ್ಟೆ, ಪಟ್ಟಿ ಸಡಿಲಿಸಿ. ಮೂತ್ರದ ನಳಿಕೆ ಮಡಚಿದೆಯೇ, ಕಟ್ಟಿದೆಯೇ ನೋಡಿ. ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ. ಅದಲ್ಲದಿದ್ದರೆ ಮಲ ಗಟ್ಟಿಯಾಗಿ ನಿಂತಿರುವುದು, ಚರ್ಮದ ಹುಣ್ಣು, ಉಗುರು ಸುತ್ತು. ಕಾರಣ ಸಿಗದೆ ಒತ್ತಡ ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ.

ಮನೆಗೆ ಬಂದ ಮೇಲೆ ಯಾವಾಗ ತಕ್ಷಣ ವಾಪಸ್ಸು ಹೋಗಬೇಕು?

ಕಾಲಿನಲ್ಲಿ ಹೊಸದಾಗಿ ಜೋಮು ಅಥವಾ ಬಲಹೀನತೆ, ಮೂತ್ರ ಕಟ್ಟುವುದು, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಿರುವುದು, ಉಸಿರಾಟದ ತೊಂದರೆ ಹೆಚ್ಚುತ್ತಾ ಹೋಗುವುದು, ಎದೆಬಡಿತದ ತಾಳ ತಪ್ಪುವುದು, ತಲೆಸುತ್ತಿ ಬೀಳುವುದು, ಒಂದೇ ಕಾಲು ಊದಿಕೊಂಡು ನೋಯುವುದು. ಜ್ವರದ ಜೊತೆ ಎದೆಮೂಳೆಯ ಮೇಲೆ ಕೆಂಪಗೆ ಊದಿದ್ದರೆ ಮುರಿತದ ಸುತ್ತ ಕೀವಾಗಿರಬಹುದು, ಅದನ್ನೂ ಕಾಯುವಂತಿಲ್ಲ.

ಮೂಳೆ ಕೂಡಿದ ಮೇಲೆ ಪ್ಲೇಟ್, ಸ್ಕ್ರೂ ತೆಗೆಸಬೇಕೇ?

ತೊಂದರೆ ಕೊಡದಿದ್ದರೆ ಬೇಡ. ತೆಳ್ಳಗಿರುವವರಿಗೆ ಎದೆಯ ಪ್ಲೇಟ್ ಚರ್ಮದಡಿ ಕೈಗೆ ಸಿಗುತ್ತದೆ, ಚುಚ್ಚುತ್ತಿದ್ದರೆ ತೆಗೆಸಬಹುದು. ಟೈಟಾನಿಯಂ ಆಗಿದ್ದರೆ ಸಾಮಾನ್ಯವಾಗಿ ಎಂಆರ್‌ಐಗೆ ಅಡ್ಡಿಯಿಲ್ಲ, ಆದರೂ ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ. ಯಾವ ಲೋಹ, ಎಷ್ಟು ಮಟ್ಟದವರೆಗೆ ಸ್ಕ್ರೂ ಎಂದು ಬರೆದಿರುವ ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯೊಂದನ್ನು ಇಟ್ಟುಕೊಳ್ಳಿ. ಮುಂದೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾಗಿ ಬಂದರೆ ಎದೆ ತೆರೆಯುವವರು ಮೊದಲು ಕೇಳುವುದು ಅದನ್ನೇ.